ಹ್ಯಾಂಡಲ್‌ನಿಂದ ರಿಮೋಟ್‌ವರೆಗೆ: ಕಾರು ಸ್ಟಾರ್ಟ್ ಮಾಡುವ ಅಪಾಯವನ್ನು ಚಾರ್ಲ್ಸ್ ಕೆಟರಿಂಗ್ ನೀಗಿಸಿದರೇ?

ಏಪ್ರಿಲ್ ಮಧ್ಯಾಹ್ನ ಕಡಗಂಚಿಯ ಬಯಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದವರಿಗೆ ಒಳಗಿನ ಕಾವು ಎಂಥದ್ದೆಂದು ಹೇಳಬೇಕಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ನೆರಳಲ್ಲಿ ನಿಂತೇ ಗುಂಡಿ ಒತ್ತಿ ಎಂಜಿನ್, ಎ.ಸಿ. ಚಾಲೂ ಮಾಡುವ ರಿಮೋಟ್ ಸ್ಟಾರ್ಟರ್ ಯಾರಿಗೆ ಬೇಡ? ಕಾರಿನ ಜೊತೆ ಬರದಿದ್ದರೂ ಅದನ್ನು ಹೊರಗೆ ಹಾಕಿಸಿಕೊಳ್ಳಬಹುದು. ಆದರೆ ಅದು ಸುರಕ್ಷಿತವೇ? ಇದಕ್ಕೆ ಉತ್ತರ ಹುಡುಕುತ್ತ ಹೋದ ನಾವು ತಲುಪಿದ್ದು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಅವರ ಬದುಕಿಗೆ.

ಗಲ್ಲಾಪೆಟ್ಟಿಗೆ ಕಲಿಸಿದ ಪಾಠ

ಕೆಟರಿಂಗ್ ಹುಟ್ಟಿದ್ದು 1876ರಲ್ಲಿ, ಒಹಾಯೊ ರಾಜ್ಯದ ರೈತ ಕುಟುಂಬದಲ್ಲಿ. ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು ಟೆಲಿಫೋನ್ ತಂತಿ ಎಳೆಯುವ ತಂಡದಲ್ಲಿ ದುಡಿದರು. ಮತ್ತೆ ಓದಿಗೆ ಮರಳಿ 1904ರಲ್ಲಿ ಪದವಿ ಪಡೆದರು. ಬಳಿಕ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಸೇರಿ, ಅಂಗಡಿಗಳ ಗಲ್ಲಾಪೆಟ್ಟಿಗೆಯನ್ನು ವಿದ್ಯುತ್ ಮೋಟಾರಿನಿಂದ ತೆರೆಯುವಂತೆ ಮಾಡಿದರು.

ಅಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ತಿರುಗಬೇಕಿಲ್ಲ. ಕ್ಷಣಕಾಲ ಕೆಲಸ ಮಾಡಿದರೆ ಸಾಕು. ನಿರಂತರವಾಗಿ ಓಡಿದರೆ ಸುಟ್ಟುಹೋಗುವಷ್ಟು ಹೊರೆಯನ್ನೂ ಸಣ್ಣ ಮೋಟಾರು ಕೆಲವು ಕ್ಷಣ ತಾಳಬಲ್ಲದು.

ಆಗ ಕಾರನ್ನು ಸ್ಟಾರ್ಟ್ ಮಾಡಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಹಳೆಯ ಜೀಪು, ಲಾರಿ ಕಂಡ ನಮ್ಮ ಹಿರಿಯರಿಗೂ ಇದು ಗೊತ್ತು. ಇಂಧನ ಹೊತ್ತಿಕೊಳ್ಳುವ ಸಮಯ ಕೊಂಚ ತಪ್ಪಿದರೂ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು, ದವಡೆ ಮುರಿದುಕೊಂಡವರಿದ್ದರು.

1909ರಲ್ಲಿ ಗೆಳೆಯ ಎಡ್ವರ್ಡ್ ಡೀಡ್ಸ್ ಜೊತೆ ಡೆಲ್ಕೊ ಕಂಪನಿ ಕಟ್ಟಿದ ಕೆಟರಿಂಗ್, ಗಲ್ಲಾಪೆಟ್ಟಿಗೆಯ ಆ ಸೂತ್ರವನ್ನೇ ಕಾರಿಗೆ ತಂದರು. ಬ್ಯಾಟರಿಯಿಂದ ತಿರುಗುವ ಅವರ ಮೋಟಾರು ಎಂಜಿನನ್ನು ಎಬ್ಬಿಸುತ್ತಿತ್ತು. ಎಂಜಿನ್ ಓಡತೊಡಗಿದ ಮೇಲೆ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತಿತ್ತು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು.

ಪ್ರಸಿದ್ಧ ಕಥೆ ನಿಜವೇ?

1910ರ ಚಳಿಗಾಲದಲ್ಲಿ ಬೈರನ್ ಕಾರ್ಟರ್ ಎಂಬ ಕಾರು ತಯಾರಕ, ಅಪರಿಚಿತ ಮಹಿಳೆಯೊಬ್ಬರ ಕಾರು ಸ್ಟಾರ್ಟ್ ಮಾಡಿಕೊಡಲು ಹೋಗಿ ಹ್ಯಾಂಡಲ್ ಬಡಿದು ಸತ್ತರು; ಆ ದುಃಖದಲ್ಲಿ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಕೆಟರಿಂಗ್ ಅವರ ಮೊರೆ ಹೋದರು ಎಂಬ ಕಥೆ ಎಲ್ಲೆಡೆ ಸಿಗುತ್ತದೆ. ಆದರೆ ಕಾರ್ಟರ್ ತೀರಿಕೊಂಡಿದ್ದು 1908ರಲ್ಲೇ. ಹಾಗಾಗಿ ಈ ಕಥೆಯನ್ನು ಹಾಗೆಯೇ ನಂಬಲಾಗದು. ವಿದ್ಯುತ್ ಸ್ಟಾರ್ಟರ್‌ನ ಪ್ರಯತ್ನಗಳೂ ಕೆಟರಿಂಗ್‌ಗಿಂತ ಮೊದಲೇ ನಡೆದಿದ್ದವು. ದಿನಬಳಕೆಗೆ ಒಗ್ಗುವ, ಮಾರುಕಟ್ಟೆಯಲ್ಲಿ ಗೆದ್ದ ವ್ಯವಸ್ಥೆ ಅವರದು.

ಪೆಟ್ರೋಲಿಗೆ ಬಂದ ಸೀಸ

1920ರಿಂದ 1947ರವರೆಗೆ ಜನರಲ್ ಮೋಟಾರ್ಸ್‌ನ ಸಂಶೋಧನೆಯ ನೇತೃತ್ವ ಕೆಟರಿಂಗ್ ಅವರದು. ಎಂಜಿನ್ನಿನ ಬಡಿತ ತಗ್ಗಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು ಅವರ ಕೈಕೆಳಗಿನ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡರು. ಅದನ್ನು ಮಾರಲು 1924ರಲ್ಲಿ ಹುಟ್ಟಿದ ಎಥಿಲ್ ಕಂಪನಿಗೆ ಕೆಟರಿಂಗ್ ಅವರೇ ಮೊದಲ ಅಧ್ಯಕ್ಷರು. ಅದೇ ವರ್ಷ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕಾರ್ಮಿಕರು ಸೀಸದ ವಿಷಕ್ಕೆ ಬಲಿಯಾದರು. ಆದರೂ ಮಾರಾಟ ದಶಕಗಟ್ಟಲೆ ನಡೆಯಿತು.

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ನಮ್ಮ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಅಂದಿನ ಎಚ್ಚರಿಕೆಯ ಮಿತಿ ಮೀರಿತ್ತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ನ್ಯೂಯಾರ್ಕಿನ ಹೆಸರಾಂತ ಕ್ಯಾನ್ಸರ್ ಕೇಂದ್ರಕ್ಕೂ ಕೆಟರಿಂಗ್ ಹೆಸರಿದೆ. 1945ರಲ್ಲಿ ಅದರ ಸಂಶೋಧನಾ ಸಂಸ್ಥೆ ಕಟ್ಟಲು ಅವರು ನೆರವಾಗಿದ್ದರು. 1958ರಲ್ಲಿ ನಿಧನರಾದ ಅವರನ್ನು ಅಳೆಯುವಾಗ ಈ ಎರಡನ್ನೂ ಮರೆಯಬಾರದು.

ಹಾಗಾದರೆ ರಿಮೋಟ್ ಸ್ಟಾರ್ಟರ್?

ಇದು ಹೊಸ ಎಂಜಿನ್ ತಂತ್ರವಲ್ಲ. ರಿಮೋಟಿನ ರೇಡಿಯೊ ಸಂಕೇತ ಹಿಡಿದು, ಕೀಲಿ ತಿರುಗಿಸಿದಾಗ ಆಗುವ ಕೆಲಸವನ್ನೇ ಪುಟ್ಟ ಪೆಟ್ಟಿಗೆ ಮಾಡುತ್ತದೆ. ಎಂಜಿನನ್ನು ತಿರುಗಿಸುವುದು ಈಗಲೂ ಸ್ಟಾರ್ಟರ್ ಮೋಟಾರೇ. ವ್ಯತ್ಯಾಸವಿಷ್ಟೆ: ಹ್ಯಾಂಡಲ್ ಕಾಲದಲ್ಲಿ ಪೆಟ್ಟು ಸ್ಟಾರ್ಟ್ ಮಾಡುವವರಿಗೇ ಬೀಳುತ್ತಿತ್ತು, ಈಗ ಅದು ಕಾರಿನ ಪಕ್ಕ ಇರುವ ಬೇರೆಯವರಿಗೆ ಬೀಳಬಹುದು.

ಮ್ಯಾನುಯಲ್ ಗೇರಿನ ಕಾರನ್ನು ಹಲವರು ಗೇರಿನಲ್ಲೇ ನಿಲ್ಲಿಸುತ್ತಾರೆ. ಆಗ ಗುಂಡಿ ಒತ್ತಿದರೆ ಕಾರು ಮುಂದಕ್ಕೆ ಜಿಗಿಯಬಹುದು. ಎದುರಿಗೆ ಮಗು ಆಡುತ್ತಿರಬಹುದು. ಆದ್ದರಿಂದ ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ತಾನೇ ಪರೀಕ್ಷಿಸದ ಸಾಧನವನ್ನು ಹಾಕಿಸಲೇಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯಬಲ್ಲದು. ಕಳ್ಳರನ್ನು ತಡೆಯುವ ಇಮೊಬಿಲೈಸರ್ ವ್ಯವಸ್ಥೆಯನ್ನು ತಪ್ಪಿಸಿ ಜೋಡಿಸುತ್ತಾರೆಯೇ ಎಂದೂ ಕೇಳಿಕೊಳ್ಳಿ.

ಬಿಸಿಲಿನ ಕಾವಿಗಷ್ಟೇ ಆದರೆ, ನಾಲ್ಕೂ ಬಾಗಿಲು ಒಂದೆರಡು ನಿಮಿಷ ತೆರೆದಿಟ್ಟರೂ ಒಳಗಿನ ಬಿಸಿಗಾಳಿ ಹೊರಹೋಗುತ್ತದೆ. ಅದಕ್ಕೆ ಖರ್ಚೂ ಇಲ್ಲ, ಹೊಗೆಯೂ ಇಲ್ಲ.