ಕಡಲ ತಳಕ್ಕೆ ಇಳಿದ ಕುಸ್ಟೊ

ಕಳೆದ ತಿಂಗಳು ನಾವು ನಾಲ್ವರು ಗೆಳತಿಯರು ಭೌತಶಾಸ್ತ್ರ ಲ್ಯಾಬಿನಲ್ಲಿ ಪಿವಿಸಿ ಪೈಪು, ಮೂರು ಸಣ್ಣ ಮೋಟಾರು ಮತ್ತು ಒಂದು ಕ್ಯಾಮೆರಾ ಜೋಡಿಸಿ ನೀರಿನೊಳಗೆ ಓಡುವ ರೋಬೋಟ್ ಮಾಡಿದೆವು. ಮೊದಲ ದಿನವೇ ಮೋಟಾರಿಗೆ ನೀರು ನುಗ್ಗಿ ಅದು ಟ್ಯಾಂಕಿನ ತಳದಲ್ಲಿ ಕೂತುಬಿಟ್ಟಿತು. ಮೋಟಾರಿನ ಸುತ್ತ ಮೇಣ ಕರಗಿಸಿ ತುಂಬಿದ ಮೇಲೆ ಸರಿಹೋಯಿತು. ಇಂಥ ಕಡಿಮೆ ಖರ್ಚಿನ ಯಂತ್ರಗಳಿಂದ ಮುಳುಗಿದ ಹಡಗುಗಳನ್ನೂ ನೋಡಬಹುದು ಎಂದು ನಮ್ಮ ಲೆಕ್ಚರರ್ ಹೇಳಿದರು. ರೋಬೋಟ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು ಎಂದು ಓದುತ್ತಾ ಹೋದಾಗ ನನಗೆ ಸಿಕ್ಕವರು ಜಾಕ್ ಈವ್ ಕುಸ್ಟೊ.

ಕುಸ್ಟೊ 1910ರ ಜೂನ್ 11ರಂದು ಫ್ರಾನ್ಸಿನಲ್ಲಿ ಹುಟ್ಟಿದರು. ನೌಕಾಪಡೆ ಸೇರಿ ವಿಮಾನ ಹಾರಿಸಬೇಕೆಂದಿದ್ದರು. 1936ರ ಕಾರು ಅಪಘಾತ ಆ ಆಸೆಯನ್ನು ಮುಗಿಸಿತು. ಪೆಟ್ಟಾದ ಕೈಗೆ ಬಲ ಬರಲೆಂದು ಸಮುದ್ರದಲ್ಲಿ ಈಜತೊಡಗಿದರು. ಗೆಳೆಯ ಕೊಟ್ಟ ಈಜುಗನ್ನಡಕ ಹಾಕಿ ನೀರೊಳಗೆ ನೋಡಿದ ದಿನ ಅವರ ಬದುಕೇ ಬದಲಾಯಿತು.

ಆಗಿನ ಮುಳುಗುಗಾರರು ಭಾರವಾದ ಲೋಹದ ಟೋಪಿ ಹಾಕಿಕೊಂಡು, ಮೇಲಿನ ದೋಣಿಯಿಂದ ಕೊಳವೆಯಲ್ಲಿ ಬರುವ ಗಾಳಿಯನ್ನೇ ನಂಬಬೇಕಿತ್ತು. 1943ರಲ್ಲಿ ಕುಸ್ಟೊ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಅಕ್ವಾಲಂಗ್ ತಯಾರಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಿಂದ ಓಡುತ್ತಿದ್ದ ಕಾರುಗಳ ಕವಾಟವೇ ಅದಕ್ಕೆ ಮೂಲ. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಅದು ಗಾಳಿ ಕೊಡುತ್ತದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮನುಷ್ಯ ಮೀನಿನಂತೆ ಈಜಿದ.

1948ರಲ್ಲಿ ಅವರ ತಂಡ ಟುನೀಸಿಯಾದ ಮಹ್ದಿಯಾ ಬಳಿ ಮುಳುಗಿದ್ದ ಪ್ರಾಚೀನ ಹಡಗಿನತ್ತ ಇಳಿಯಿತು. ಆಮೇಲೆ ವರ್ಷಕ್ಕೆ ಕೇವಲ 1 ಫ್ರಾಂಕ್ ಬಾಡಿಗೆಗೆ ಅವರಿಗೆ ಕ್ಯಾಲಿಪ್ಸೊ ಹಡಗು ಸಿಕ್ಕಿತು. 1952ರಲ್ಲಿ ಮಾರ್ಸೇಲ್ ಸಮೀಪದ ಗ್ರಾಂ ಕಾಂಗ್ಲುವೆ ದ್ವೀಪದ ಬುಡದಲ್ಲಿ, ಸುಮಾರು 40 ಮೀಟರ್ ಆಳದಿಂದ ಮಣ್ಣಿನ ಹೂಜಿಗಳನ್ನು ಎತ್ತತೊಡಗಿದರು. ಆ ಕೆಲಸದಲ್ಲಿ ಒಬ್ಬ ಯುವ ಮುಳುಗುಗಾರ ಪ್ರಾಣ ಕಳೆದುಕೊಂಡ. ಪುರಾತತ್ವಜ್ಞರು ತಾವು ನೀರಿಗೆ ಇಳಿಯಲಿಲ್ಲ. ಹೆಚ್ಚಾಗಿ ಇಳಿದವರ ಮಾತನ್ನೇ ನಂಬಿದರು. ಯಾವ ಹೂಜಿ ಯಾವ ಪದರದಲ್ಲಿತ್ತು ಎಂಬ ದಾಖಲೆ ಸರಿಯಾಗಿ ಉಳಿಯಲಿಲ್ಲ. ಒಂದೇ ಹಡಗು ಎಂದುಕೊಂಡಿದ್ದು ಒಂದರ ಮೇಲೊಂದು ಮುಳುಗಿದ ಎರಡು ಹಡಗುಗಳು, ನಡುವೆ ಸುಮಾರು ಒಂದು ಶತಮಾನದ ಅಂತರವಿದೆ ಎಂದು ಗೊತ್ತಾಗಲು ದಶಕಗಳೇ ಹಿಡಿದವು.

1959ರಲ್ಲಿ ಕುಸ್ಟೊ ತಂಡ 350 ಮೀಟರ್ ಆಳಕ್ಕೆ ಇಳಿಯಬಲ್ಲ, ಇಬ್ಬರು ಕೂರುವ ತಟ್ಟೆಯಾಕಾರದ ವಾಹನವನ್ನು ಮಾಡಿತು. 1997ರ ಜೂನ್ 25ರಂದು, 87ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಸಾಧನೆಗಳಷ್ಟೇ ಗ್ರಾಂ ಕಾಂಗ್ಲುವೆಯ ಆ ತಪ್ಪೂ ನನ್ನನ್ನು ಕಾಡಿತು. ಅಗ್ಗದ ರೋಬೋಟಿನ ನಿಜವಾದ ಬೆಲೆ ಆಗ ಅರ್ಥವಾಯಿತು. ಅದು ಕೆಟ್ಟರೆ ಹೋಗುವುದು ಒಂದು ಮೋಟಾರು, ಒಂದು ಜೀವವಲ್ಲ. ಇತಿಹಾಸ ಬಲ್ಲವರು ದೋಣಿಯಲ್ಲಿ ಕೂತೇ ತಳವನ್ನು ತಮ್ಮ ಕಣ್ಣಿಂದ ನೋಡಬಹುದು; ಏನನ್ನೂ ಎತ್ತುವ ಮೊದಲು ಎಲ್ಲವನ್ನೂ ಚಿತ್ರ ತೆಗೆಯಬಹುದು.

ನಮ್ಮ ರೋಬೋಟ್ ಇನ್ನೂ ಕಾಲೇಜಿನ ಟ್ಯಾಂಕ್ ದಾಟಿಲ್ಲ. ಆದರೂ ಈಗ ಪ್ರತಿ ಸಲ ಅದನ್ನು ಇಳಿಸಿದಾಗ ಸಮಯ, ಆಳ, ಕಂಡದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ