ಹಿಂಸೆಯಿಂದ ಅಧಿಕಾರ ಹುಟ್ಟದೆಂದ ಹನ್ನಾ ಅರೆಂಟ್

1933ರಲ್ಲಿ ಬರ್ಲಿನ್‌ನಲ್ಲಿ ಯಹೂದಿ ಯುವತಿಯೊಬ್ಬರನ್ನು ನಾತ್ಸಿ ಪೊಲೀಸರು ಬಂಧಿಸಿ ಎಂಟು ದಿನ ವಿಚಾರಣೆಗೊಳಪಡಿಸಿದರು. ಗ್ರಂಥಾಲಯದಲ್ಲಿ ಕುಳಿತು ಯಹೂದಿ ದ್ವೇಷದ ಬರಹಗಳನ್ನು ಸಂಗ್ರಹಿಸುತ್ತಿದ್ದುದೇ ಆಕೆಯ ಅಪರಾಧ. ಬಿಡುಗಡೆಯಾದೊಡನೆ ದೇಶ ತೊರೆದ ಆಕೆಯೇ ಮುಂದೆ ಖ್ಯಾತ ರಾಜಕೀಯ ಚಿಂತಕಿಯೆನಿಸಿದ ಹನ್ನಾ ಅರೆಂಟ್.

1906ರ ಅಕ್ಟೋಬರ್ 14ರಂದು ಜರ್ಮನಿಯಲ್ಲಿ ಜನಿಸಿದ ಅವರು ಹೈಡೆಗರ್ ಹಾಗೂ ಯಾಸ್ಪರ್ಸ್ ಬಳಿ ತತ್ತ್ವಶಾಸ್ತ್ರ ಕಲಿತರು. 1940ರಲ್ಲಿ ಫ್ರಾನ್ಸ್‌ನ ಗುರ್ಸ್ ಶಿಬಿರದಲ್ಲಿ ಸೆರೆಯಾಗಿ, ಪಾರಾಗಿ, ಮರುವರ್ಷ ನ್ಯೂಯಾರ್ಕ್ ತಲುಪಿದರು. 1951ರಲ್ಲಿ ಅಮೆರಿಕದ ಪೌರತ್ವ ದೊರೆಯುವವರೆಗೂ ಅವರು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ.

ವಿಯೆಟ್ನಾಂ ಯುದ್ಧ, ವಿದ್ಯಾರ್ಥಿ ದಂಗೆಗಳ ಆ ಕಾಲದಲ್ಲಿ ಬಂದೂಕಿನಿಂದಲೇ ಅಧಿಕಾರವೆಂಬ ಮಾವೋ ವಾದ ಯುವಜನರನ್ನು ಸೆಳೆದಿತ್ತು. 1970ರ 'ಆನ್ ವಯೊಲೆನ್ಸ್' ಕೃತಿಯಲ್ಲಿ ಅರೆಂಟ್ ಅದನ್ನು ನಿರಾಕರಿಸಿದರು. ಜನರು ಒಂದುಗೂಡಿ ನಡೆದಾಗ ಹುಟ್ಟುವುದು ಅಧಿಕಾರ. ಅವರು ಚದುರಿದರೆ ಅದೂ ಇಲ್ಲ. ಹಿಂಸೆಗಾದರೋ ಆಯುಧಗಳಿದ್ದರೆ ಸಾಕು. ಅಧಿಕಾರ ಕೈಜಾರುತ್ತಿರುವ ಪ್ರಭುತ್ವವೇ ಹಿಂಸೆಗೆ ಇಳಿಯುವುದು. ಹಿಂಸೆ ಅಧಿಕಾರವನ್ನು ನಾಶಪಡಿಸಬಲ್ಲದು, ಸೃಷ್ಟಿಸಲಾರದು ಎಂಬುದು ಅವರ ಪ್ರತಿಪಾದನೆ.

ಹಾಗೆಂದು ಅವರು ಅಹಿಂಸಾವಾದಿಯಲ್ಲ. ಗಾಂಧೀಜಿಗೆ ಬ್ರಿಟನ್ ಬದಲು ಹಿಟ್ಲರನ ಜರ್ಮನಿಯೋ ಸ್ಟಾಲಿನ್ನನ ರಷ್ಯಾವೋ ಎದುರಾಗಿದ್ದರೆ ದೊರೆಯುತ್ತಿದ್ದುದು ಸ್ವಾತಂತ್ರ್ಯವಲ್ಲ, ನರಮೇಧ ಎಂದು ಅದೇ ಕೃತಿಯಲ್ಲಿ ಬರೆದರು. ಭಾರತೀಯರಿಗೆ ಸುಲಭವಾಗಿ ರುಚಿಸದ ಮಾತಿದು. ಆದರೆ ಶಿಬಿರವನ್ನು ಕಂಡು ಬಂದವರ ಮಾತು.

ಐಖ್ಮನ್ ವಿಚಾರಣೆ ಕುರಿತ 1963ರ ಕೃತಿಯಿಂದಾಗಿ ಹಳೆಯ ಗೆಳೆಯರನೇಕರು ದೂರವಾದರೂ ಅರೆಂಟ್ ನಿಲುವು ಬದಲಿಸಲಿಲ್ಲ. 1975ರ ಡಿಸೆಂಬರ್ 4ರಂದು ನ್ಯೂಯಾರ್ಕ್‌ನ ಮನೆಯಲ್ಲಿ ಸ್ನೇಹಿತರೊಂದಿಗಿದ್ದಾಗಲೇ ಹೃದಯಾಘಾತದಿಂದ ನಿಧನರಾದರು. ಟೈಪ್‌ರೈಟರ್‌ನಲ್ಲಿ ಕೊನೆಯ ಕೃತಿಯ ಮುಂದಿನ ಭಾಗದ ಹಾಳೆಯಿತ್ತು. ಶೀರ್ಷಿಕೆ ಮತ್ತು ಎರಡು ಉದ್ಧರಣೆಗಳ ಹೊರತು ಅದು ಖಾಲಿ.