ಹೊಗೆಗೆ ಕಡಿವಾಣ ತೊಡಿಸಿದ ಕಾಟ್ರೆಲ್

ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ ಏಳುವ ಹಾರುಬೂದಿಯನ್ನು ಚಿಮಣಿ ತಲುಪುವ ಮುನ್ನವೇ ಹಿಡಿಯಲು ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ (ಇಎಸ್‌ಪಿ) ಎಂಬ ಯಂತ್ರವಿದೆ. ಅದನ್ನು ಕಾರ್ಖಾನೆಗಳಲ್ಲಿ ಬಳಕೆಗೆ ತಂದವರು ಅಮೆರಿಕದ ರಸಾಯನ ವಿಜ್ಞಾನಿ ಫ್ರೆಡರಿಕ್ ಗಾರ್ಡ್ನರ್ ಕಾಟ್ರೆಲ್.

1877ರ ಜನವರಿ 10ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಜನಿಸಿದ ಕಾಟ್ರೆಲ್, 1902ರಲ್ಲಿ ಜರ್ಮನಿಯ ಲೈಪ್ಸಿಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬರ್ಕ್ಲಿಯಲ್ಲಿ ಅಧ್ಯಾಪಕರಾದರು. ವಿದ್ಯುತ್ತಿನಿಂದ ಹೊಗೆಯ ಕಣಗಳನ್ನು ಹಿಡಿಯುವ ಯತ್ನವನ್ನು 1880ರ ದಶಕದಲ್ಲಿಯೇ ಬ್ರಿಟನ್ನಿನ ಆಲಿವರ್ ಲಾಡ್ಜ್ ನಡೆಸಿದ್ದರು. ಆದರೆ ಸಾಕಷ್ಟು ವಿದ್ಯುತ್ ಶಕ್ತಿ ದೊರೆಯದೆ ಅದು ಕೈಗೂಡಿರಲಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ಪಡೆದ ಅಧಿಕ ವೋಲ್ಟೇಜನ್ನು ಏಕಮುಖ ಪ್ರವಾಹವಾಗಿಸಿ ಕಾಟ್ರೆಲ್ ಆ ಕೊರತೆ ನೀಗಿಸಿದರು. ತಂತಿಯ ಬಳಿ ವಿದ್ಯುದಾವೇಶ ಪಡೆದ ಕಣಗಳು ಎದುರಿನ ಲೋಹದ ಫಲಕಕ್ಕೆ ಅಂಟಿಕೊಳ್ಳುತ್ತವೆ. 1908ರಲ್ಲಿ ಇದಕ್ಕೆ ಪೇಟೆಂಟ್ ಲಭಿಸಿತು.

ಕಂಪನಿಗಳು ಈ ಯಂತ್ರವನ್ನು ಬರಮಾಡಿಕೊಂಡದ್ದು ಕೇವಲ ಪರಿಸರ ಪ್ರೇಮದಿಂದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸಮೀಪದ ಸೆಲ್ಬಿ ಲೋಹ ಶುದ್ಧೀಕರಣ ಕಾರ್ಖಾನೆಯ ವಿರುದ್ಧ ಸುತ್ತಲಿನ ಜನ ನ್ಯಾಯಾಲಯದ ಮೆಟ್ಟಿಲೇರಿದ್ದರು. ಅಲ್ಲಿನ ಗಂಧಕಾಮ್ಲದ ಮಂಜನ್ನು ಕಾಟ್ರೆಲ್ ಯಂತ್ರ ತಡೆಯಿತು. ರಿವರ್‌ಸೈಡ್ ಸಿಮೆಂಟ್ ಕಾರ್ಖಾನೆಯ ಧೂಳು ಕಿತ್ತಳೆ ತೋಟಗಳ ಮೇಲೆ ಕೂರುತ್ತಿದ್ದುದರಿಂದ ಬೆಳೆಗಾರರು ಸಿಡಿದೆದ್ದರು. ಅಲ್ಲಿಗೂ ಯಂತ್ರ ಬಂತು. ಮೊದಲ ಮಹಾಯುದ್ಧದ ವೇಳೆ ಜರ್ಮನಿಯ ಪೊಟ್ಯಾಷ್ ಆಮದು ನಿಂತಾಗ, ಹಿಡಿದ ಧೂಳಿನಿಂದಲೇ ಪೊಟ್ಯಾಷ್ ತೆಗೆದು ಗೊಬ್ಬರಕ್ಕೆ ಮಾರಲಾಯಿತು. ಕಸವೆನಿಸಿದ್ದು ಕಾಸು ತಂದಿತು.

ಪೇಟೆಂಟಿನಿಂದ ಸಿರಿವಂತರಾಗುವ ಅವಕಾಶವನ್ನು ಕಾಟ್ರೆಲ್ ಕೈಬಿಟ್ಟರು. ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟು 1912ರಲ್ಲಿ ರಿಸರ್ಚ್ ಕಾರ್ಪೊರೇಷನ್ ಸ್ಥಾಪಿಸಿದರು. ಅದರ ಲಾಭ ವಿಜ್ಞಾನ ಸಂಶೋಧನೆಗೆ ಮೀಸಲಾಯಿತು. ರಾಕೆಟ್ ತಜ್ಞ ರಾಬರ್ಟ್ ಗೊಡಾರ್ಡ್, ಸೈಕ್ಲೋಟ್ರಾನ್ ನಿರ್ಮಿಸಿದ ಅರ್ನೆಸ್ಟ್ ಲಾರೆನ್ಸ್ ಅದರ ನೆರವು ಪಡೆದವರು. ಕಾಟ್ರೆಲ್ 1948ರ ನವೆಂಬರ್ 16ರಂದು ಬರ್ಕ್ಲಿಯಲ್ಲಿ ನಿಧನರಾದರು.

ಈ ಯಂತ್ರಕ್ಕೂ ಮಿತಿಯಿದೆ. ಅದು ಕಣಗಳನ್ನು ಹಿಡಿಯಬಲ್ಲದು, ಸಲ್ಫರ್ ಡೈಆಕ್ಸೈಡ್ ಅನಿಲವನ್ನಲ್ಲ. ಆ ಅನಿಲವನ್ನು ತಡೆಯುವ ತಂತ್ರಜ್ಞಾನ ಬೇರೆ ಇದೆ. ಭಾರತದ ವಿದ್ಯುತ್ ಸ್ಥಾವರಗಳಿಗೆ ಈ ಕುರಿತ ಮಿತಿಯನ್ನು 2015ರಲ್ಲಿ ವಿಧಿಸಲಾಯಿತಾದರೂ ಗಡುವು ಪದೇ ಪದೇ ಮುಂದೆ ಹೋಯಿತು. ಯಂತ್ರ ಸಿದ್ಧವಿದ್ದರಷ್ಟೇ ಸಾಲದು. ಕಾನೂನಿನ ಒತ್ತಾಯವೋ ಲಾಭದ ಆಸೆಯೋ ಜತೆಗಿದ್ದಾಗಲೇ ಅದು ಕಾರ್ಖಾನೆಯ ಬಾಗಿಲು ದಾಟುತ್ತದೆ ಎಂಬುದನ್ನು ಕಾಟ್ರೆಲ್ ಅವರ ಬದುಕು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ.